ಲೂಮಿರ್ ಕುಚೆರಾ ರಿಪೇರಿ ಮಾಡಿದ ಪಿಕಪ್ಪು

ಡ್ರೈ ಟಿಂಬರ್ ಹೈಸ್ಕೂಲಿನ ಹಿಂದೆ, ಫುಟ್‌ಬಾಲ್ ಮೈದಾನಕ್ಕೆ ಬೆನ್ನು ಕೊಟ್ಟು ನಿಂತ ತಗಡಿನ ಕಟ್ಟಡವೊಂದಿದೆ. ಮೂವತ್ತಮೂರು ವರ್ಷಗಳಿಂದ ಲೂಮಿರ್ ಕುಚೆರಾ ಅಲ್ಲಿ ಮಕ್ಕಳಿಗೆ ಗಾಡಿ ರಿಪೇರಿ ಕಲಿಸುತ್ತಿದ್ದಾನೆ. ನಮ್ಮೂರಿನ ಆರುನೂರ ಹನ್ನೆರಡು ಜನರಲ್ಲಿ ಅರ್ಧ ಮಂದಿ ಅವನಿಂದ ಬೈಸಿಕೊಂಡವರು, ಉಳಿದರ್ಧ ಬೈಸಿಕೊಂಡವರನ್ನು ಮದುವೆಯಾದವರು. ನೆಬ್ರಾಸ್ಕಾದ ಈ ಮೂಲೆಯಲ್ಲಿ ಜನವರಿಯ ಬೆಳಗ್ಗೆ ಒಂದು ಟ್ರ್ಯಾಕ್ಟರ್ ತಕರಾರಿಲ್ಲದೆ ಶುರುವಾಯಿತೆಂದರೆ ಅದರ ಹಿಂದೆ ಎಲ್ಲೋ ಒಂದು ಕಡೆ ಲೂಮಿರನ ಬೈಗುಳ ಇದ್ದೇ ಇರುತ್ತದೆ.

ನಾನು ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವ ಕಟ್ಟೆಯ ಮೇಲೆ ನಲವತ್ತೊಂದು ವರ್ಷ ಕೂತವನು. ಕಾಲೇಜಿನ ಮೆಟ್ಟಿಲು ಹತ್ತಿಲ್ಲ. ಹತ್ತಿದವರ ಲಾರಿಗಳನ್ನೆಲ್ಲ ತೂಗಿದ್ದೇನೆ. ಹಾಗಾಗಿ ಒಬ್ಬ ಮನುಷ್ಯನಲ್ಲಿ ಸರಕೆಷ್ಟು, ಬರೀ ಗಾಡಿಯ ಭಾರವೆಷ್ಟು ಎಂದು ಹೇಳುವ ಹಕ್ಕು ನನಗಿದೆ. ಲೂಮಿರ್ ಸರಕಿನ ಮನುಷ್ಯ.

ಅವನು ಕಲಿಸುವ ರೀತಿಯೇ ಬೇರೆ. ಪುಸ್ತಕ ತೆಗೆಸುವುದಿಲ್ಲ. ಮುರಿದ ಬೇರಿಂಗನ್ನೋ ಸುಟ್ಟ ವಾಲ್ವನ್ನೋ ಮೇಜಿನ ಮೇಲಿಟ್ಟು, "ಇದು ಹೇಗೆ ಸತ್ತಿತು ಹೇಳಿ" ಎನ್ನುತ್ತಾನೆ. ಮಕ್ಕಳು ಅದನ್ನು ಹಿಂದೆ ಮುಂದೆ ತಿರುಗಿಸಿ, ಮೂಸಿ, ಉಗುರಿನಿಂದ ಕೆರೆದು, ಸಾವಿನ ಕಾರಣವನ್ನು ಚೀಟಿಯಲ್ಲಿ ಬರೆದು ಅದಕ್ಕೆ ಕಟ್ಟಬೇಕು. ಗೋಡೆಯ ಉದ್ದಕ್ಕೂ ಅಂಥ ಹೆಣಗಳು ನೇತಾಡುತ್ತವೆ. "ಎಣ್ಣೆ ಕಾಣದೆ", "ಹೊಲದ ದೂಳು ಕುಡಿದು", "ಮಾಲೀಕ ತಾನೇ ರಿಪೇರಿ ಮಾಡಿದ್ದರಿಂದ". ಈ ಕೊನೆಯ ಕಾರಣಕ್ಕೆ ಸತ್ತವೇ ಹೆಚ್ಚು.

ಇಂಥವನ ಬುಡಕ್ಕೆ ನಾಲ್ಕು ವರ್ಷದ ಹಿಂದೆ ನೀರು ಬಂತು. ಶಾಲೆಗಳ ಮೇಲಧಿಕಾರಿಯಾಗಿ ಒಮಾಹಾದಿಂದ ಡಾಕ್ಟರ್ ಕೆಂಡಲ್ ಬ್ರಾಂಟ್ ಎಂಬುವವರು ಬಂದರು. ಡಾಕ್ಟರೆಂದರೆ ಕೆಮ್ಮಿಗೆ ಔಷಧಿ ಕೊಡುವವರಲ್ಲ. ಶಾಲೆ ನಡೆಸುವುದು ಹೇಗೆಂದು ದಪ್ಪ ಪುಸ್ತಕ ಬರೆದು ಆ ಪದವಿ ಪಡೆದವರು. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಬಿಳಿ ಷರ್ಟಿಗೆ ಎಲ್ಲಿ ಮಸಿ ತಾಗುತ್ತದೋ ಎಂದು ಮೈಯೆಲ್ಲ ಹಿಡಿ ಮಾಡಿಕೊಂಡು ವರ್ಕ್‌ಶಾಪಿನ ಬಾಗಿಲಲ್ಲಿ ನಿಂತರು.

"ಮಿಸ್ಟರ್ ಕುಚೆರಾ, ನಿಮ್ಮ ತರಗತಿಯ ಫಲಿತಾಂಶ ಅಳತೆಗೆ ಸಿಗ್ತಾ ಇಲ್ಲ."

"ಯಾವ ಅಳತೆ ಬೇಕು ಹೇಳಿ. ಇಂಚೂ ಇದೆ, ಮಿಲಿಮೀಟರೂ ಇದೆ. ಎರಡನೇ ಡ್ರಾಯರ್."

"ನಾನು ಹೇಳ್ತಿರೋದು ಮಕ್ಕಳ ಬೆಳವಣಿಗೆಯ ಅಳತೆ."

"ಅದು ಅವರ ಅಮ್ಮಂದಿರು ಬಾಗಿಲ ಚೌಕಟ್ಟಿನ ಮೇಲೆ ಗೆರೆ ಎಳೆದು ಇಟ್ಟಿರ್ತಾರಲ್ಲ."

ಮಕ್ಕಳು ಕಿಸಕ್ಕೆಂದರು. ಬ್ರಾಂಟ್ ನಗಲಿಲ್ಲ. ಕೈಲಿದ್ದ ಹಾಳೆ ತೋರಿಸಿದರು. ಅದರಲ್ಲಿ ಗುರುತು ಹಾಕಿ ಅಂಕ ಕೊಡುವ ಹದಿನಾರು ಚೌಕಗಳಿದ್ದವು. ಮೇ ತಿಂಗಳ ಶಾಲಾ ಮಂಡಳಿಯ ಸಭೆಯೊಳಗೆ ಈ ತರಗತಿ ಒಂದು ಕೆಲಸವನ್ನು ಮೊದಲಿಂದ ಕೊನೆಯವರೆಗೆ ಮುಗಿಸಿ ಮಂಡಳಿಯ ಮುಂದೆ ತಂದು ನಿಲ್ಲಿಸಬೇಕು. ಇಲ್ಲದಿದ್ದರೆ ತರಗತಿ ಬಂದ್, ಕಟ್ಟಡ 'ಭವಿಷ್ಯ ಕೊಠಡಿ'. ಪ್ಲಾಸ್ಟಿಕ್ಕನ್ನು ಕರಗಿಸಿ ಎಳೆಎಳೆಯಾಗಿ ಸುರಿದು ವಸ್ತು ಮಾಡುವ ನಾಲ್ಕು ಯಂತ್ರಗಳು ಆಗಲೇ ಬಂದು ಗ್ರಂಥಾಲಯದಲ್ಲಿ ಕೂತಿದ್ದವು. ಅವುಗಳಲ್ಲೊಂದು ಮೂರು ಗಂಟೆ ಗುರುಗುಟ್ಟಿ ಒಂದು ಸೀಟಿಯನ್ನು ಹೆತ್ತಿತ್ತು. ಊದಿದರೆ ಸದ್ದು ಬರಲಿಲ್ಲ. ಆದರೂ ಅದು ಹದಿನಾರು ಚೌಕಗಳಲ್ಲಿ ಹದಿನಾಲ್ಕು ದಾಟಿತ್ತಂತೆ.

ಲೂಮಿರನಿಗೆ ಮಕ್ಕಳಿಲ್ಲ, ಹೆಂಡತಿ ಲಿಂಕನ್ ಊರಿನ ಹಲ್ಲಿನ ವೈದ್ಯನೊಬ್ಬನನ್ನು ಮೆಚ್ಚಿ ಹೋಗಿ ಇಪ್ಪತ್ತು ವರ್ಷ. ಆ ತಗಡಿನ ಕಟ್ಟಡ ಬಿಟ್ಟರೆ ಅವನಿಗೆ ಹೋಗಲು ಇನ್ನೊಂದು ಜಾಗವಿರಲಿಲ್ಲ. ಇದು ನಮಗೆಲ್ಲ ಗೊತ್ತಿತ್ತು. ಹಾಗಾಗಿ ಕಾಫಿ ಅಂಗಡಿಯ ನಮ್ಮ ಮೇಜಿನಲ್ಲಿ ಯಾರೂ ಅದರ ಬಗ್ಗೆ ಮಾತೆತ್ತಲಿಲ್ಲ. ನಮ್ಮ ಕಡೆ ಸಹಾನುಭೂತಿ ತೋರಿಸುವುದು ಹಾಗೇ: ಎದುರಿಗಿದ್ದವನ ಕಡೆ ನೋಡದೆ ಹವಾಮಾನ ಮಾತಾಡುವುದು.

ಕೆಲಸ ತಾನಾಗಿ ಹುಡುಕಿಕೊಂಡು ಬಂತು. ಅಲ್ಬಿನಾ ಪೊಕೊರ್ನಿ ಎಂಬ ಎಪ್ಪತ್ತೊಂಬತ್ತರ ಮುದುಕಿ, ಶಾಲೆಯ ಮೈದಾನಕ್ಕೆ ಅಂಟಿಕೊಂಡ ಹುಲ್ಲುಗಾವಲಿನ ಒಡತಿ, ಗಂಡ ಎಮಿಲ್ ತೀರಿಕೊಂಡ ಮೇಲೆ ಇಪ್ಪತ್ತಮೂರು ದನಗಳನ್ನು ಒಬ್ಬಳೇ ಸಾಕುವವಳು. ಲೂಮಿರ್ ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಅವಳನ್ನು ಟೆಟಾ ಎನ್ನುತ್ತಾನೆ. ಚೆಕ್ ನಾಡಿನಿಂದ ಬಂದ ನಮ್ಮ ಮಂದಿಯಲ್ಲಿ ಹಾಗೆಂದರೆ ಅತ್ತೆ. ಅವಳು ವರ್ಕ್‌ಶಾಪಿನ ಬಾಗಿಲಲ್ಲಿ ಬೂಟಿನ ಸಗಣಿ ಕೆರೆಯುತ್ತಾ ಹೇಳಿದಳು:

"ಲೂಮಿರ್, ಎಮಿಲ್‌ನ ಹಳೇ ಪಿಕಪ್ಪು ಮರದ ಸಾಲಲ್ಲಿ ಬಿದ್ದಿದೆ. ರಿಪೇರಿ ಮಾಡಿಕೊಡ್ತೀಯಾ?"

"ಟೆಟಾ, ನಿಮ್ಮ ಹತ್ರ ಹೊಸ ಗಾಡಿ ಇದೆಯಲ್ಲ."

"ಅದು ಗಾಡಿಯಲ್ಲ ಕಣೋ, ಗುಮಾಸ್ತ. ಬಾಗಿಲು ತೆಗೆದ್ರೆ ಕಿರುಚುತ್ತೆ, ಬೆಲ್ಟು ಹಾಕದಿದ್ರೆ ಕಿರುಚುತ್ತೆ, ಸೀಟಲ್ಲಿ ನಾನಿಲ್ಲ ಅಂತ ಗೊತ್ತಾದ್ರೆ ನಿಂತೇ ಬಿಡುತ್ತೆ. ದನಕ್ಕೆ ಮೇವು ಹಾಕೋದು ಹೇಗೆ?"

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಒಬ್ಬರೇ ದನ ಸಾಕುವವರು ಇಲ್ಲಿ ಮೇವು ಹಾಕುವ ಕ್ರಮವೇ ಬೇರೆ. ಹಳೆಯ ಪಿಕಪ್ಪಿನಲ್ಲಿ ಎಲ್ಲಕ್ಕಿಂತ ಕೆಳಗೊಂದು ಗೇರಿರುತ್ತದೆ, ಅಜ್ಜಿ ಗೇರು ಎನ್ನುತ್ತಾರೆ. ಅದಕ್ಕೆ ಹಾಕಿ ಬಿಟ್ಟರೆ ಗಾಡಿ ಹೊಲದಲ್ಲಿ ತನ್ನಷ್ಟಕ್ಕೆ ತಾನು, ಚರ್ಚಿಗೆ ಹೊರಟ ಮುದುಕಿಯ ಹಾಗೆ, ಹೆಜ್ಜೆ ಹೆಜ್ಜೆ ಸಾಗುತ್ತದೆ. ರೈತ ಇಳಿದು, ಹಿಂದಿನಿಂದ ಸರಕು ಹೇರುವ ತೊಟ್ಟಿಗೆ ಹತ್ತಿ, ನಿಂತುಕೊಂಡು ಮೇವು ಎಸೆಯುತ್ತಾನೆ. ಚಾಲಕನ ಸೀಟಿನಲ್ಲಿ ಯಾರೂ ಇರುವುದಿಲ್ಲ. ಬೇಲಿ ಹತ್ತಿರ ಬಂದಾಗ ಹಾರಿ ಇಳಿದು, ಓಡಿ, ಸ್ಟಿಯರಿಂಗ್ ತಿರುಗಿಸುತ್ತಾನೆ. ಎಪ್ಪತ್ತೊಂಬತ್ತರ ಹೆಂಗಸು ಇದನ್ನು ಮಾಡಬಾರದೆಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

"ರಿಪೇರಿ ಅಂದ್ರೆ ರಿಪೇರಿ" ಎಂದಳು ಹೋಗುವಾಗ. "ಎಂಟು ಮೂಟೆ ಹಿಂಡಿ ಹೊರಬೇಕು. ಅಷ್ಟೇ ನನಗೆ ಬೇಕಿರೋದು."

ಲೂಮಿರ್ ಮಾತು ಕೊಟ್ಟ.

ಅಕ್ಟೋಬರಿನಲ್ಲಿ ಏಳು ಮಕ್ಕಳು ಹೋಗಿ ಪಿಕಪ್ಪನ್ನು ಎಳೆದು ತಂದರು. ತೊಟ್ಟಿಯ ಹಲಗೆ ಸೀಳಿಕೊಂಡು ತೊಡೆ ಗಾತ್ರದ ಹಿಪ್ಪುನೇರಳೆ ಮರ ಬೆಳೆದಿತ್ತು. ಎಂಜಿನ್ನಿನೊಳಗೆ ಇಲಿಗಳು ಮೂರು ತಲೆಮಾರು ಸಂಸಾರ ಮಾಡಿದ್ದವು. ಏಳರಲ್ಲಿ ಗಟ್ಟಿಗಿತ್ತಿ ಇಟ್ಸೆಲ್. ಅವಳಪ್ಪ ಮಾಂಸದ ಕಾರ್ಖಾನೆಯಲ್ಲಿ ದುಡಿಯುವವನು. ಅವಳು ಬೆಸುಗೆ ಹಾಕಿದರೆ ಎಲ್ಲಿ ಹಾಕಿದಳೆಂದು ಕೈಯಾಡಿಸಿದರೂ ತಿಳಿಯುತ್ತಿರಲಿಲ್ಲ. ಏಳರಲ್ಲಿ ಮೆತ್ತಗಿನವನು ಬ್ರೋಡಿ, ಬ್ಯಾಂಕಿನ ವರ್ಜಿಲ್ ಪ್ರಾಟ್‌ನ ಮಗ. ಕ್ಲಚ್ ಒತ್ತಿ ಗೇರ್ ಹಾಕುವ ಗಾಡಿಯನ್ನು ಅವನು ಜನ್ಮದಲ್ಲೇ ನೋಡಿರಲಿಲ್ಲ.

"ಮಿಸ್ಟರ್ ಕೆ, ಇಲ್ಲಿ ಮೂರನೇ ಪೆಡಲ್ ಯಾಕಿದೆ?"

"ನಿನ್ನ ಎಡಗಾಲಿಗೂ ಒಂದು ಕೆಲಸ ಇರ್ಲಿ ಅಂತ."

"ಅದನ್ನ ಬೇಗ ಬಿಟ್ರೆ ಏನಾಗುತ್ತೆ?"

"ನಿಮ್ಮಪ್ಪನಿಗೆ ನೀನು ಸಾಲ ಕೇಳಿದಾಗ ಆಗುತ್ತಲ್ಲ, ಹಾಗೆ. ಒಂದು ಸಲ ಜಗ್ಗಿ, ಸ್ತಬ್ಧ."

ಚಳಿಗಾಲವೆಲ್ಲ ಅವರು ಉಜ್ಜಿದರು, ಬಿಚ್ಚಿದರು, ಹುಡುಕಿದರು. ಎಂಜಿನ್ ಫೆಬ್ರವರಿಯಲ್ಲಿ ಮೊದಲ ಸಲ ಕೆಮ್ಮಿತು. ಅಂದು ಲೂಮಿರ್ ಹೊರಗೆ ಹೋಗಿ ಸ್ವಲ್ಪ ಹೊತ್ತು ಹಿಮ ನೋಡಿಕೊಂಡು ನಿಂತಿದ್ದನಂತೆ. ಇಷ್ಟಕ್ಕೇ ನಿಂತಿದ್ದರೆ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಊರಿಗೆ ಸುದ್ದಿ ಗೊತ್ತಾಯಿತು. ನಮ್ಮೂರಿನ ಜನಕ್ಕೆ ಒಂದು ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದು ತಿಳಿದರೆ ಸಮಿತಿ ಮಾಡದೆ ಇರಲಾಗುವುದಿಲ್ಲ.

ಸಮಿತಿಯ ಅಧ್ಯಕ್ಷ ವರ್ಜಿಲ್ ಪ್ರಾಟ್. ಶಾಲಾ ಮಂಡಳಿಯ ಅಧ್ಯಕ್ಷನೂ ಅವನೇ. ಊರಲ್ಲಿ ಅಧ್ಯಕ್ಷಗಿರಿ ಎಲ್ಲೆಲ್ಲಿ ಖಾಲಿ ಬೀಳುತ್ತದೋ ಅಲ್ಲೆಲ್ಲ ಅವನ ಟೋಪಿ ಮೊದಲೇ ಬಿದ್ದಿರುತ್ತದೆ. ಬಣ್ಣಕ್ಕೆ, ಬೆಳ್ಳಿ ಮೆರುಗಿನ ಬಂಪರಿಗೆ, ತೊಟ್ಟಿಗೆ ಹಾಸಲು ಓಕ್ ಹಲಗೆಗೆ ಬೇಕಾದ್ದನ್ನು ಬ್ಯಾಂಕೇ ಕೊಡುವುದೆಂದಾಯಿತು; ಪ್ರತಿಯಾಗಿ ಬಾಗಿಲ ಮೇಲೆ ಬ್ಯಾಂಕಿನ ಹೆಸರು, ಚಿನ್ನದ ಅಕ್ಷರದಲ್ಲಿ.

ಮೂಲ ಬಣ್ಣ ಯಾವುದೆಂಬ ಚರ್ಚೆಗೇ ಹನ್ನೊಂದು ಸಭೆ ಹಿಡಿಯಿತು. ಹಸಿರೆಂದು ನಾಲ್ವರು, ಕೆಂಪೆಂದು ಮೂವರು, ಬೂದಿ ಬಣ್ಣವೆಂದು ಪಾದ್ರಿ. ಉಜ್ಜಿದಾಗ ಮೂರೂ ಸಿಕ್ಕವು. ಕೊನೆಗೆ ಅಲ್ಬಿನಾಳನ್ನು ಕರೆಸಿದರು.

"ನಿಜವಾದ ಬಣ್ಣ ಯಾವುದು, ಮಿಸೆಸ್ ಪೊಕೊರ್ನಿ? ಇತಿಹಾಸದ ಪ್ರಶ್ನೆ ಇದು."

"ಎಮಿಲ್ ಹತ್ರ ಯಾವ ಡಬ್ಬ ಮಿಕ್ಕಿರ್ತಿತ್ತೋ ಅದು. ಹಸಿರು ಜಗಲಿದು, ಕೆಂಪು ಕೊಟ್ಟಿಗೆದು. ಬೂದಿ ಬಣ್ಣದ್ದು ಚರ್ಚಿನ ನೆಲಮಾಳಿಗೆದು. ಅದನ್ನ ಅವನು ಕೇಳಿ ತಂದಿದ್ದಲ್ಲ."

ಪಾದ್ರಿ ನೆಲ ನೋಡಿದರು. ನೀಲಿ ಎಂದು ತೀರ್ಮಾನವಾಯಿತು, ಏಕೆಂದರೆ ನೀಲಿ ಬ್ಯಾಂಕಿನ ಬಣ್ಣ.

ಎಂಟು ಕೈ ಬಣ್ಣ, ಅದರ ಮೇಲೆ ಕನ್ನಡಿಯಂಥ ಮೆರುಗು ಆರು ಕೈ. ಓಕ್ ಹಲಗೆಗೆ ಪಿಯಾನೋಗೆ ಹಚ್ಚುವ ಪಾಲಿಶ್. ಗಾಡಿಯನ್ನು ನೆಲಕ್ಕೆ ಹತ್ತಿರವಾಗುವಂತೆ ತಗ್ಗಿಸಿದರೆ ಚೆಂದ ಎಂದು ಸಮಿತಿ ಬರೆದು ಕಳಿಸಿತು. ಲೂಮಿರ್ ಆ ಪತ್ರವನ್ನು ಮಡಚಿ, ಕುಂಟುತ್ತಿದ್ದ ಮೇಜಿನ ಕಾಲಡಿಗೆ ಇಟ್ಟ. ಭಾರ ಹೊರುವ ಹಿಂದಿನ ಕಮಾನು ಪಟ್ಟಿಗೆ ಇನ್ನೆರಡು ದಪ್ಪ ಪಟ್ಟಿ ಸೇರಿಸುವಂತೆ ಇಟ್ಸೆಲ್‌ಗೆ ಹೇಳಿದ.

"ಇದು ಸಮಿತಿ ಹೇಳಿದ್ದಕ್ಕೆ ಉಲ್ಟಾ ಅಲ್ವಾ, ಮಿಸ್ಟರ್ ಕೆ?"

"ಸಮಿತಿ ಗಾಡಿಯ ಮೇಲೆ ನೋಡುತ್ತೆ. ನಾವು ಕೆಳಗೆ ಮಲಗೋರು. ಎಂಟು ಮೂಟೆ ಅಂದ್ರೆ ಎಷ್ಟು ಭಾರ, ಲೆಕ್ಕ ಹಾಕು."

ಮೇ ಬಂತು. ಸಭೆ ಶಾಲೆಯ ಅಂಗಳದಲ್ಲೇ, ಸಂಜೆ ಐದಕ್ಕೆ, ಬಿಸಿಲಿರುವಾಗಲೇ ಎಂದು ಗೊತ್ತಾಯಿತು. ವರ್ಕ್‌ಶಾಪಿನಿಂದ ಅಂಗಳಕ್ಕೆ ಹೆಚ್ಚೆಂದರೆ ಇನ್ನೂರು ಗಜ. ಆದರೆ ನಡುವೆ ಜಲ್ಲಿ ಹಾದಿ. ಜಲ್ಲಿ ಸಿಡಿದು ಬಣ್ಣಕ್ಕೆ ಗೀರಾದರೆ? ಸಮಿತಿ ತುರ್ತು ಸಭೆ ಸೇರಿ ನಿರ್ಣಯ ಮಾಡಿತು: ಪಿಕಪ್ಪನ್ನು ಇನ್ನೊಂದು ಪಿಕಪ್ಪಿನ ಹಿಂದೆ ಕಟ್ಟಿದ ಟ್ರೇಲರ್ ಮೇಲೆ ಹೊರಿಸಿ ತರತಕ್ಕದ್ದು. ಹೀಗೆ, ಓಡುತ್ತದೆಂದು ತೋರಿಸಬೇಕಾದ ಗಾಡಿ ಮದುವಣಗಿತ್ತಿಯ ಹಾಗೆ ಹೊದಿಕೆ ಹೊದ್ದು ಇನ್ನೊಂದರ ಬೆನ್ನ ಮೇಲೆ ಕೂತು ಬಂತು. ಇದನ್ನು ನೋಡಿ ನಗದೆ ಇದ್ದವನು ಲೂಮಿರ್ ಒಬ್ಬನೇ.

ಅಂಗಳದಲ್ಲಿ ಎಂಜಿನ್ ಶುರು ಮಾಡುವಂತೆಯೂ ಇರಲಿಲ್ಲ. ಶಾಲೆಯ ಆವರಣದಲ್ಲಿ ಮಕ್ಕಳು ಮಾಡಿದ ಯಂತ್ರ ಚಾಲೂ ಆದರೆ ವಿಮೆ ಅನ್ವಯಿಸುವುದಿಲ್ಲವೆಂದು ಬ್ರಾಂಟ್ ಪತ್ರ ಓದಿದರು. ಮಂಡಳಿಯ ಐವರು ಟ್ರೇಲರನ್ನು ಸುತ್ತು ಬಂದು ಬಾಗಿಲಲ್ಲಿ ತಮ್ಮ ಮುಖ ನೋಡಿಕೊಂಡರು. ಒಬ್ಬ ಹಲ್ಲಿಗೆ ಸಿಕ್ಕಿದ್ದನ್ನು ತೆಗೆದುಕೊಂಡ. ಬ್ರಾಂಟ್ ಹದಿನಾರು ಚೌಕಗಳ ಹಾಳೆ ತೆರೆದು ಕೂತರು.

ವರ್ಜಿಲ್ ಎದ್ದು ನಿಂತ. "ಇಷ್ಟು ಸುಂದರವಾದ ವಸ್ತು ನಮ್ಮೂರಲ್ಲಿ ಹಿಂದೆ ಆಗಿಲ್ಲ. ಇದು ಬಿಸಿಲಿಗೆ, ಮಳೆಗೆ, ದೂಳಿಗೆ ಸಿಗಬಾರದು. ಇದಕ್ಕೊಂದು ಶಾಶ್ವತ ಮನೆ ಬೇಕು. ನನ್ನ ಸೂಚನೆ ಇಷ್ಟೇ. ವರ್ಕ್‌ಶಾಪನ್ನು ಖಾಲಿ ಮಾಡಿಸಿ, ನೆಲಕ್ಕೆ ಹೊಳೆಯೋ ಟೈಲ್ಸ್ ಹಾಕಿ, ಈ ಪಿಕಪ್ಪನ್ನ ಅಲ್ಲಿ ಪ್ರದರ್ಶನಕ್ಕೆ ಇಡೋಣ. ಪಕ್ಕದಲ್ಲೇ ಡಾಕ್ಟರ್ ಬ್ರಾಂಟ್ ಅವರ ಭವಿಷ್ಯ ಕೊಠಡಿಗೂ ಜಾಗ ಸಿಗುತ್ತೆ."

"ಮತ್ತೆ ತರಗತಿ?" ಎಂದು ನಾನೇ ಹಿಂದಿನಿಂದ ಕೇಳಿದೆ.

"ತರಗತಿ ತನ್ನ ಗುರಿ ಮುಟ್ಟಿದೆ" ಎಂದರು ಬ್ರಾಂಟ್. "ಹದಿನಾರರಲ್ಲಿ ಹದಿನೈದು. ಗುರಿ ಮುಟ್ಟಿದ ಮೇಲೆ ಮುಂದುವರಿಸೋದು ಸಂಪನ್ಮೂಲದ ಪೋಲು."

ಐದಕ್ಕೆ ಐದು ಕೈ ಮೇಲೆದ್ದವು. ಮಕ್ಕಳು ಮಾಡಿದ ಗಾಡಿ ಮೆಚ್ಚಿ, ಗಾಡಿ ಮಾಡುವುದನ್ನು ಕಲಿಸುವ ಜಾಗವನ್ನು ಗಾಡಿಗೇ ಕೊಟ್ಟುಬಿಟ್ಟರು. ನಾನು ನಲವತ್ತೊಂದು ವರ್ಷದಲ್ಲಿ ಏನೇನೋ ತೂಗಿದ್ದೇನೆ, ಇದಕ್ಕೆ ನನ್ನ ಹತ್ತಿರ ತೂಕದ ಬಟ್ಟಿರಲಿಲ್ಲ.

ವರ್ಜಿಲ್ ಲೂಮಿರನ ಕಡೆ ತಿರುಗಿದ. "ನಿನ್ನನ್ನ ಮರೆತಿಲ್ಲ ಕಣಯ್ಯ. ಪ್ರದರ್ಶನದ ಪಾಲಕ ಅಂತ ಒಂದು ಹುದ್ದೆ. ವಾರಕ್ಕೆರಡು ಸಲ ದೂಳು ಹೊಡೆಯೋದು. ಗೋಡೆಯ ಮೇಲೆ ಹಿತ್ತಾಳೆ ಫಲಕದಲ್ಲಿ ನಿನ್ನ ಹೆಸರು."

ಲೂಮಿರ್ ಟೋಪಿ ತೆಗೆದು ಒಳಗಿನ ಪಟ್ಟಿ ಒರೆಸಿಕೊಂಡ. "ಇದು ಶಾಲೆಯ ಗಾಡಿಯಲ್ಲ, ವರ್ಜಿಲ್. ಗಿರಾಕಿಯ ಗಾಡಿ. ಗಿರಾಕಿ ಅಲ್ಲಿ ಕೂತಿದಾರೆ."

ಎಲ್ಲರೂ ಹಿಂದೆ ನೋಡಿದರು. ಅಲ್ಬಿನಾ ಕೊನೆಯ ಸಾಲಿನಲ್ಲಿ ಮಡಚುವ ಕುರ್ಚಿಯ ಮೇಲೆ ಬೂಟು ಚಾಚಿ ಕೂತಿದ್ದಳು.

"ರಿಪೇರಿ ಆಯ್ತೇನೋ?" ಎಂದಳು.

"ಆಯ್ತು ಟೆಟಾ. ತಗೊಂಡು ಹೋಗಿ."

ಕಾಗದಪತ್ರದಲ್ಲಿ ಗಾಡಿ ಯಾರದೆಂದು ಹನ್ನೊಂದು ಸಭೆಗಳಲ್ಲಿ ಒಬ್ಬನೂ ಕೇಳಿರಲಿಲ್ಲ. ವರ್ಜಿಲ್ ಬಾಯಿ ತೆರೆಯುವಷ್ಟರಲ್ಲಿ ಇಟ್ಸೆಲ್ ಟ್ರೇಲರಿನ ಪಟ್ಟಿಗಳನ್ನು ಬಿಚ್ಚಿದ್ದಳು. ಬ್ರೋಡಿ, ಅಪ್ಪನ ಮುಖ ನೋಡದಂತೆ ಎಚ್ಚರವಹಿಸಿ, ಇಳಿಜಾರು ಹಲಗೆ ಹಾಕಿದ. ಅಲ್ಬಿನಾ ಹತ್ತಿ ಕೂತು, ಒಂದೇ ತಿರುವಿಗೆ ಎಂಜಿನ್ ಎಬ್ಬಿಸಿ, ಹಿಮ್ಮುಖವಾಗಿ ಇಳಿಸಿ, ಮೈದಾನದಾಚೆ ತನ್ನ ಹುಲ್ಲುಗಾವಲಿನ ಗೇಟಿನ ಕಡೆ ಹೊರಟಳು. ಜಲ್ಲಿ ಸಿಡಿಯುವ ಸದ್ದಿಗೆ ಸಮಿತಿಯವರು ಒಬ್ಬೊಬ್ಬರಾಗಿ ಕಣ್ಣು ಮುಚ್ಚಿಕೊಂಡರು.

ನಾವೆಲ್ಲ ಹಿಂದೆಯೇ ನಡೆದು ಬೇಲಿಗೆ ಬಂದೆವು. ಗೇಟಿನ ಪಕ್ಕ ಹಿಂಡಿಯ ಮೂಟೆಗಳು ಮೊದಲೇ ಬಂದು ಕೂತಿದ್ದವು. ಲೂಮಿರ್ ಮತ್ತು ಏಳು ಮಕ್ಕಳು ಎಂಟೂ ಮೂಟೆಗಳನ್ನು ಪಿಯಾನೋ ಪಾಲಿಶಿನ ಮೇಲೆ ಧಡ್ ಧಡ್ ಎಂದು ಎಸೆದರು. ಹಿಂಬದಿ ಒಂದಿಂಚೂ ಕುಸಿಯಲಿಲ್ಲ. ಇಟ್ಸೆಲ್ ಬಗ್ಗಿ ನೋಡಿ ತಲೆಯಾಡಿಸಿದಳು.

ಅಲ್ಬಿನಾ ಅಜ್ಜಿ ಗೇರಿಗೆ ಹಾಕಿದಳು. ಇಳಿದಳು. ಹಿಂದಿನಿಂದ ತೊಟ್ಟಿಗೆ ಹತ್ತಿದಳು. ನೀಲಿ ಪಿಕಪ್ಪು, ಬಾಗಿಲು ತೆರೆದುಕೊಂಡು, ಒಳಗೆ ಯಾರೂ ಇಲ್ಲದೆ, ಮೇ ತಿಂಗಳ ಹುಲ್ಲಿನಲ್ಲಿ ಸದ್ದು ಬದಲಿಸದೆ ಸಾಗಿತು. ಅವಳು ಕಾಲೂರಿ ನಿಂತು ಎರಡೂ ಕೈಯಲ್ಲಿ ಹಿಂಡಿ ಎಸೆದಳು.

"ಗಾಡೀಲಿ ಯಾರೂ ಇಲ್ಲ" ಎಂದರು ಬ್ರಾಂಟ್.

"ಮೇವು ಹಾಕುವಾಗ ಇರೋದಿಲ್ಲ" ಎಂದ ಲೂಮಿರ್.

ಇಪ್ಪತ್ತಮೂರು ದನಗಳು ಬಾಲವೆತ್ತಿ ಓಡಿ ಬಂದವು. ಹೊಸ ಮೆರುಗಿನಲ್ಲಿ ಏನು ರುಚಿಯಿತ್ತೋ, ನಾಲ್ಕು ದನ ಮೂತಿಯಿಟ್ಟು ನೆಕ್ಕತೊಡಗಿದವು. ಒಂದು ದೊಡ್ಡ ಕಪ್ಪು ಹಸು ಕತ್ತು ತುರಿಸಿಕೊಳ್ಳಲು ಜಾಗ ಹುಡುಕಿ, ಚಿನ್ನದ ಅಕ್ಷರಗಳನ್ನೇ ಆರಿಸಿ, ಕಿವಿಯ ಬಿಲ್ಲೆಯಿಂದ ಬ್ಯಾಂಕಿನ ಹೆಸರನ್ನು ಮೇಲಿಂದ ಕೆಳಕ್ಕೆ ಉಜ್ಜಿತು. ವರ್ಜಿಲ್ ಬೇಲಿ ಹಿಡಿದು ನಿಂತಿದ್ದ. ಅವನ ಗಂಟಲಿಂದ ಸಣ್ಣಗೆ ಕುಕ್ಕರ್ ತಣಿಯುವಂಥ ಸದ್ದು ಬರುತ್ತಿತ್ತು.

ಕೊನೆಯ ಮೂಟೆ ಮುಗಿಸುವ ಉತ್ಸಾಹದಲ್ಲಿ ಅಲ್ಬಿನಾ ಮೂಲೆಯ ಬೇಲಿ ಕಂಬವನ್ನು ಸ್ವಲ್ಪ ತಡವಾಗಿ ನೋಡಿದಳು. ಪಿಕಪ್ಪು ಕಂಬಕ್ಕೆ ಮೂಗು ಒತ್ತಿ, ಮುಂದಿನ ಮಡ್‌ಗಾರ್ಡನ್ನು ಒಳಕ್ಕೆ ಬಗ್ಗಿಸಿಕೊಂಡು ನಿಂತಿತು. ಅವಳು ಇಳಿದು ಹೋಗಿ ನೋಡಿ, ನಮಗೆ ಕೇಳುವ ಹಾಗೆ ಕೂಗಿದಳು: "ಏನೂ ಆಗಿಲ್ಲ. ಎಮಿಲ್ ಕಾಲದಲ್ಲೂ ಇಲ್ಲೇ ನೆಗ್ಗಿತ್ತು."

ಆಮೇಲಿನದ್ದು ಶಾಲಾ ಮಂಡಳಿಯ ನಡಾವಳಿಯಲ್ಲಿದೆ. ಮಂಡಳಿಯವರ ಹತ್ತಿರ ಈಗ ಟೈಲ್ಸಿಗೆ ಒಪ್ಪಿಗೆ ಕೊಟ್ಟ ಕೊಠಡಿಯಿತ್ತು, ಒಳಗಿಡಲು ಪಿಕಪ್ಪಿರಲಿಲ್ಲ. ಅದಕ್ಕಿಂತ ದೊಡ್ಡ ಸಂಕಟವೆಂದರೆ ಬ್ಯಾಂಕಿನ ಅರ್ಧ ಹೆಸರು ಹೊತ್ತ ಗಾಡಿ ದಿನಾ ಊರ ನಡುಬೀದಿಯಲ್ಲಿ ಸಗಣಿ ಮೆತ್ತಿಕೊಂಡು ಓಡಾಡುತ್ತಿತ್ತು. ಅಕ್ಷರ ಅಳಿಸಿಬಿಡಿ ಎಂದು ವರ್ಜಿಲ್ ಕೇಳಿಕೊಂಡ. ಅಲ್ಬಿನಾ ಒಪ್ಪಲಿಲ್ಲ. "ಚೆಂದ ಇದೆ, ಇರ್ಲಿ ಬಿಡು" ಎಂದಳು. ಹಾಗಾದರೆ ಪೂರ್ತಿ ಬರೆಸಿಕೊಡುತ್ತೇವೆ, ನೆಗ್ಗು ತೆಗೆಸುತ್ತೇವೆ ಎಂದ. ಅದಕ್ಕೆ ಒಪ್ಪಿದಳು. ವರ್ಜಿಲ್ ಪಿಕಪ್ಪನ್ನು ಮೂರು ಊರಿನ ದೊಡ್ಡ ರಿಪೇರಿ ಅಂಗಡಿಗಳಿಗೆ ಒಯ್ದು ತೋರಿಸಿ ಬಂದ. ಮೂವರೂ ಬಣ್ಣದ ಮೇಲೆ ಕೈಯಾಡಿಸಿ ಒಂದೇ ಮಾತು ಹೇಳಿದರಂತೆ: ಇಂಥ ಕೆಲಸ ನಮ್ಮಿಂದಾಗದು, ಮೊದಲು ಯಾರು ಮಾಡಿದರೋ ಅವರ ಹತ್ತಿರವೇ ಹೋಗಿ.

ಜೂನ್ ಸಭೆಯಲ್ಲಿ ವರ್ಜಿಲನೇ ಸೂಚನೆ ಮಂಡಿಸಿದ: ಪಿಕಪ್ಪು ಪ್ರದರ್ಶನಕ್ಕೆ ಯೋಗ್ಯವಾಗುವವರೆಗೆ ತರಗತಿ ಮುಂದುವರಿಯತಕ್ಕದ್ದು. ಅದನ್ನು ಲೂಮಿರನಿಗೆ ತಿಳಿಸಲು ವರ್ಕ್‌ಶಾಪಿಗೆ ಬಂದವನು ನೇತಾಡುವ ಹೆಣಗಳ ನಡುವೆ ಟೋಪಿ ಹಿಡಿದು ನಿಂತ.

"ಎಷ್ಟು ದಿನ ಬೇಕಾಗುತ್ತೆ, ಲೂಮಿರ್?"

"ಸೆಪ್ಟೆಂಬರಲ್ಲಿ ತಗೊಂಡ್ರೆ ಮೇಗೆ ಮುಗಿಸ್ತೀವಿ."

"ಆಮೇಲೆ?"

"ಆಮೇಲೆ ಟೆಟಾ ತಗೊಂಡು ಹೋಗ್ತಾರೆ. ಅವರದಲ್ವಾ?"

ಆ ಕ್ರಮ ಈಗ ನಾಲ್ಕನೇ ವರ್ಷಕ್ಕೆ ಬಿದ್ದಿದೆ. ಮೇ ತಿಂಗಳಲ್ಲಿ ಪಿಕಪ್ಪು ಕನ್ನಡಿಯಾಗಿ ಹೊರಡುತ್ತದೆ, ಸೆಪ್ಟೆಂಬರಿನಲ್ಲಿ ತಗಡಾಗಿ ಮರಳುತ್ತದೆ. ಬ್ರಾಂಟ್ ಹೊಸ ಹಾಳೆ ಮಾಡಿದ್ದಾರೆ; ಅದರಲ್ಲಿ ವರ್ಷಕ್ಕೆಷ್ಟು ನೆಗ್ಗು ತೆಗೆಯಲಾಯಿತೆಂಬ ಗೆರೆ ಏರುತ್ತಲೇ ಹೋಗುತ್ತದೆ. ರಾಜಧಾನಿಯಿಂದ ಯಾರೋ ಬಂದು ಅದಕ್ಕೊಂದು ಪ್ರಶಸ್ತಿಯನ್ನೂ ಕೊಟ್ಟು ಹೋದರು.

ಕಳೆದ ತಿಂಗಳು ಕಾಫಿ ಅಂಗಡಿಯಲ್ಲಿ ವರ್ಜಿಲ್ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದ, "ಎಂಬತ್ತಮೂರಾಯ್ತು ಅವಳಿಗೆ. ಈ ವರ್ಷವಾದರೂ ದನ ಮಾರ್ತಾಳೆ. ಆಮೇಲೆ ಪಿಕಪ್ಪನ್ನ ಒಳಗೆ ತಂದಿಡಬಹುದು."

ನಾನು ಹವಾಮಾನದ ಮಾತೆತ್ತಿದೆ. ಅದರ ಹಿಂದಿನ ಶನಿವಾರವೇ ಅಲ್ಬಿನಾ ದನದ ಹರಾಜಿಗೆ ಹೋಗಿ ಇನ್ನಾರು ಕಡಸುಗಳನ್ನು ಹಿಡಿದು ತಂದಿದ್ದಳು. ನಮ್ಮ ಕಡೆ ಯಾರೂ ಸಾಕದ, ಸಿಕ್ಕಿದ್ದಕ್ಕೆಲ್ಲ ಕೊಂಬು ತಿಕ್ಕುವ ಉದ್ದ ಕೊಂಬಿನ ತಳಿ. ಆರಿಸಿಕೊಟ್ಟವನು ಲೂಮಿರ್.